ಗಿರಣಿ ಮಾಲೀಕರ ಮಗ ಬರೆದ ಹುಲ್ಲಿನ ಬಂಡಿ: ಕಾನ್‌ಸ್ಟೇಬಲ್ ತೈಲಚಿತ್ರಗಳ ಪರಿಚಯ

ಹೆಸರು ಕೇಳಿ ಪೊಲೀಸ್ ಪೇದೆ ಅಂದುಕೊಳ್ಳಬೇಡಿ. ಕಾನ್‌ಸ್ಟೇಬಲ್ ಅನ್ನೋದು ಮನೆತನದ ಹೆಸರು. ಜಾನ್ ಕಾನ್‌ಸ್ಟೇಬಲ್ (1776–1837) ಇಂಗ್ಲೆಂಡಿನ ಚಿತ್ರಕಾರರು, ಸಫೋಕ್ ಸೀಮೆಯ ಈಸ್ಟ್ ಬರ್ಗೋಲ್ಟ್ ಹಳ್ಳಿಯವರು. ತಂದೆ ಗೋಲ್ಡಿಂಗ್ ಧಾನ್ಯದ ವ್ಯಾಪಾರಿ. ಸ್ಟೂರ್ ನದಿಯ ದಂಡೆಯಲ್ಲಿ, ಫ್ಲಾಟ್‌ಫೋರ್ಡ್ ಮತ್ತು ಡೆಡಮ್ ಎಂಬಲ್ಲಿ, ಅವರಿಗೆ ನೀರಿನಿಂದ ತಿರುಗುವ ಹಿಟ್ಟಿನ ಗಿರಣಿಗಳಿದ್ದವು. ಸರಕು ದೋಣಿಗಳಲ್ಲಿ ಸಾಗುತ್ತಿತ್ತು. ಮಗ ಸ್ವಲ್ಪ ಕಾಲ ಗಿರಣಿಯಲ್ಲಿ ದುಡಿದು, 1799ರಲ್ಲಿ ಲಂಡನ್‌ನ ರಾಯಲ್ ಅಕಾಡೆಮಿ ಶಾಲೆ ಸೇರಿದರು. ಮುಂದೆ ವ್ಯವಹಾರ ತಮ್ಮ ಅಬ್ರಾಮ್ ಕೈಗೆ ಹೋಯಿತು.

ಆಗ ದೊಡ್ಡವರ ಮನೆ ಗೋಡೆಗೆ ಬೇಕಿದ್ದದ್ದು ಇಟಲಿಯ ಬೆಟ್ಟ, ಪಾಳುಬಿದ್ದ ಗುಡಿ, ಪುರಾಣದ ಕಥೆ. ಕಾನ್‌ಸ್ಟೇಬಲ್ ಇಂಗ್ಲೆಂಡ್ ಬಿಟ್ಟು ಹೊರಗೆ ಕಾಲಿಡಲೇ ಇಲ್ಲ. ಕಟ್ಟೆಯಿಂದ ಸೋರುವ ನೀರಿನ ಸದ್ದು, ಕೊಳೆತ ಹಲಗೆ, ಪಾಚಿ ಹಿಡಿದ ಕಂಬ, ಇಟ್ಟಿಗೆ ಗೋಡೆ, ಇವೆಲ್ಲ ತಮಗೆ ಪ್ರೀತಿ ಅಂತ 1821ರಲ್ಲಿ ಗೆಳೆಯ ಜಾನ್ ಫಿಶರ್‌ಗೆ ಪತ್ರ ಬರೆದಿದ್ದರು. ಬರೆದ ಚಿತ್ರಗಳೂ ಬಹುಪಾಲು ಅಂಥವೇ: ಅಪ್ಪನ ಗಿರಣಿ, ದೋಣಿ ದಾಟಿಸುವ ತೂಬು, ನದಿ ದಂಡೆಯ ದಾರಿ.

ಬಂಡಿ ನೀರಿಗೆ ಇಳಿದದ್ದು ಯಾಕೆ?

ಹೆಚ್ಚು ಹೆಸರಾದದ್ದು 1821ರ ‘ದಿ ಹೇ ವೇನ್’, ಅಂದರೆ ಹುಲ್ಲಿನ ಬಂಡಿ. ಅಗಲ ಸುಮಾರು ಆರು ಅಡಿ. ಫ್ಲಾಟ್‌ಫೋರ್ಡ್ ಗಿರಣಿ ಹತ್ತಿರ ಆಳವಿಲ್ಲದ ನೀರಿನಲ್ಲಿ ಕುದುರೆ ಕಟ್ಟಿದ ಖಾಲಿ ಬಂಡಿ ನಿಂತಿದೆ. ದಡದಲ್ಲಿ ಒಂದು ನಾಯಿ. ಬಲಕ್ಕೆ ದೂರದ ಬಯಲಲ್ಲಿ ಹುಲ್ಲು ಕೊಯ್ಯುವವರು ಚುಕ್ಕೆಗಳ ಹಾಗೆ ಕಾಣುತ್ತಾರೆ. ಬಂಡಿ ಹೊಳೆ ದಾಟುತ್ತಿದೆ ಅಂತ ಒಂದು ಮಾತು. ಇನ್ನೊಂದು ಮಾತು ನಮ್ಮ ಎತ್ತಿನ ಗಾಡಿಯವರಿಗೆ ಬೇಗ ಅರ್ಥವಾಗುತ್ತೆ: ಬಿಸಿಲಿಗೆ ಗಾಲಿಯ ಮರ ಒಣಗಿ ಕಬ್ಬಿಣದ ಪಟ್ಟಿ ಸಡಿಲವಾಗುತ್ತದೆ, ನೀರಲ್ಲಿ ನೆನೆಸಿದರೆ ಮರ ಉಬ್ಬಿ ಬಿಗಿಯಾಗುತ್ತದೆ. ಎರಡೂ ನಿಜ ಇರಬಹುದು.

ಎಡಗಡೆಯ ಮನೆ ವಿಲ್ಲಿ ಲಾಟ್ ಎಂಬ ರೈತನದು. ಎಂಬತ್ತು ವರ್ಷದ ಬಾಳಿನಲ್ಲಿ ಆತ ಆ ಮನೆ ಬಿಟ್ಟು ಮಲಗಿದ್ದು ನಾಲ್ಕೇ ರಾತ್ರಿ ಅಂತ ಹೇಳ್ತಾರೆ. ಚಿತ್ರ ತಯಾರಾದದ್ದು ಮಾತ್ರ ಲಂಡನ್‌ನಲ್ಲಿ. ಬಂಡಿಯ ಭಾಗಗಳು ತಪ್ಪಬಾರದೆಂದು, ಊರಿನ ಗೆಳೆಯನ ಮಗನಿಂದ ಬಂಡಿಯ ನಕ್ಷೆ ಬರೆಸಿ ತರಿಸಿಕೊಂಡಿದ್ದರು.

ಊರಿಗೆ ಹೋದಾಗ ಬಣ್ಣದ ಪೆಟ್ಟಿಗೆ ತೊಡೆ ಮೇಲಿಟ್ಟು, ಕಂಡದ್ದನ್ನು ಕಾಗದದ ಮೇಲೆ ಎಣ್ಣೆಬಣ್ಣದಲ್ಲೇ ಬೇಗ ಬೇಗ ಹಿಡಿದಿಡುತ್ತಿದ್ದರು. ದೊಡ್ಡ ಚಿತ್ರಕ್ಕೆ ಮೊದಲು ಅಷ್ಟೇ ಅಳತೆಯ ಕಚ್ಚಾ ಚಿತ್ರ ಒಂದು. ಲಂಡನ್ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ 1821–22ರಲ್ಲಿ ಮೋಡಗಳನ್ನೇ ಬರೆದು, ಎಷ್ಟೋ ಚಿತ್ರಗಳ ಹಿಂದೆ ದಿನ, ಹೊತ್ತು, ಗಾಳಿಯ ದಿಕ್ಕು ಗುರುತು ಹಾಕಿದರು. ಗಾಳಿ ಗಿರಣಿಯಲ್ಲಿ ದುಡಿದವರಿಗೆ ಆಕಾಶ ನೋಡುವುದು ಹೊಟ್ಟೆಪಾಡಿನ ಲೆಕ್ಕ. ಎಲೆ, ನೀರಿನ ಮೇಲಿನ ಮಿಂಚಿಗೆ ಅವರು ಇಡುತ್ತಿದ್ದ ಬಿಳಿ ಚುಕ್ಕೆಗಳನ್ನು ವಿಮರ್ಶಕರು ‘ಕಾನ್‌ಸ್ಟೇಬಲ್ ಹಿಮ’ ಅಂತ ಗೇಲಿ ಮಾಡಿದರು.

ವ್ಯಾಪಾರ ಆಗಲಿಲ್ಲ

ಹೇ ವೇನ್‌ಗೆ ಇಂಗ್ಲೆಂಡಿನಲ್ಲಿ ಗಿರಾಕಿ ಸಿಗಲಿಲ್ಲ. ಪ್ಯಾರಿಸ್ ವ್ಯಾಪಾರಿಯೊಬ್ಬರು 70 ಪೌಂಡ್‌ಗೆ ಕೇಳಿದಾಗ ಕೊಡಲಿಲ್ಲ. 1824ರಲ್ಲಿ ಇನ್ನೊಂದು ದೊಡ್ಡ ಚಿತ್ರ, ಒಂದು ಸಣ್ಣ ಚಿತ್ರ ಸೇರಿಸಿ ಮೂರಕ್ಕೂ 250 ಪೌಂಡ್. ಅದೇ ವರ್ಷ ಪ್ಯಾರಿಸ್ ಪ್ರದರ್ಶನದಲ್ಲಿ ಫ್ರಾನ್ಸಿನ ದೊರೆಯ ಚಿನ್ನದ ಪದಕ ಬಂತು! ಸ್ವಂತ ದೇಶದ ಅಕಾಡೆಮಿ ಪೂರ್ಣ ಸದಸ್ಯತ್ವ ಕೊಟ್ಟದ್ದು 1829ರಲ್ಲಿ, ಅದೂ ಒಂದೇ ಮತದ ಅಂತರದಲ್ಲಿ. ಅಷ್ಟರಲ್ಲಿ ಪತ್ನಿ ಮರಿಯಾ ಏಳು ಮಕ್ಕಳನ್ನು ಬಿಟ್ಟು ತೀರಿಕೊಂಡಿದ್ದರು. ಮರಿಯಾ ತಾತನ ವಿರೋಧದಿಂದ ಏಳು ವರ್ಷ ಕಾದು ಆದ ಮದುವೆ ಅದು. 1816ರಲ್ಲಿ ಅಪ್ಪ ತೀರಿಕೊಂಡು ಗಿರಣಿಯ ಪಾಲು ಬಂದ ಮೇಲಷ್ಟೇ ಸಂಸಾರ ಹೂಡಲು ಧೈರ್ಯ ಬಂದದ್ದು.

ಒಂದು ಕೊರತೆ ಹೇಳಲೇಬೇಕು. 1822ರಲ್ಲಿ ಆ ಸೀಮೆಯ ಕೂಲಿಕಾರರು ಹಸಿವಿನಿಂದ ಕಂಗೆಟ್ಟಿದ್ದರು, ರಾತ್ರಿ ಬಣವೆಗಳಿಗೆ ಬೆಂಕಿ ಬೀಳುತ್ತಿತ್ತು. ತಮ್ಮನಿಂದ ಸುದ್ದಿ ಗೊತ್ತಿದ್ದರೂ ಅದು ಅವರ ಚಿತ್ರಕ್ಕೆ ಬರಲಿಲ್ಲ. ದುಡಿಯುವವರ ಮುಖವೂ ಸರಿಯಾಗಿ ಕಾಣದು. ಮಾಲೀಕರ ಮಗನ ಕಣ್ಣು, ಏನು ಮಾಡೋದು.

ಹೇ ವೇನ್ ಈಗ ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ, ಕಚ್ಚಾ ಚಿತ್ರ ಅಲ್ಲಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡೂ ಕಡೆ ಪ್ರವೇಶ ಉಚಿತ. ಗಿರಣಿ, ವಿಲ್ಲಿ ಲಾಟ್ ಮನೆ ಇಂದಿಗೂ ನಿಂತಿವೆ. ಆ ನದಿ ಬಯಲಿಗೆ ಜನ ಕರೆಯೋದು ‘ಕಾನ್‌ಸ್ಟೇಬಲ್ ನಾಡು’ ಅಂತಲೇ.