ಧ್ವನಿಯ ಗಟ್ಟಿತನದ ಅಳತೆಯೂ ರಾಮನಗರ ಸೀಮೆಯ ಹಾಡುಗಳೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಜನಪದ ಕಲೆಯಲ್ಲಿ ಎರಡು ತೆರನಾದ ಧ್ವನಿಗಳುಂಟು. ಒಂದು, ರಾಗಿಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ಬೀಸುವ ಪದ. ಮತ್ತೊಂದು, ಪೂಜಾಕುಣಿತ, ಪಟದ ಕುಣಿತಗಳ ತಮಟೆಯ ಮೊಳಗು. ಮೊದಲನೆಯದು ಮನೆಯೊಳಗಿನವರಿಗೆ ಕೇಳಿದರೆ ಸಾಕು. ಎರಡನೆಯದು ಊರಿಗೆಲ್ಲ ಕೇಳಬೇಕು. ಸ್ಟ್ರೀಮಿಂಗ್ ಸೇವೆಗಳ ಈ ಕಾಲದಲ್ಲಿ ಇವೆರಡೂ ಒಂದೇ ಮೊಬೈಲಿನಲ್ಲಿ ಒಂದರ ಹಿಂದೊಂದು ಕೇಳಿಬರಬಹುದು. ಆಗ ಇವುಗಳ ಅಂತರ ಉಳಿದೀತೆ ಎಂಬುದೇ ಪ್ರಸ್ತುತ ವಿಚಾರ.

ಧ್ವನಿಮುದ್ರಣದ ಇತಿಹಾಸದಲ್ಲಿ ಗಟ್ಟಿತನಕ್ಕೆ ಪ್ರತಿಯೊಂದು ಸಾಧನವೂ ತನ್ನದೇ ಆದ ಎಲ್ಲೆಯನ್ನು ಹಾಕಿತು. ಗ್ರಾಮಫೋನ್ ತಟ್ಟೆಯಲ್ಲಿ ಧ್ವನಿ ಗಟ್ಟಿಯಾದಷ್ಟೂ ಗೀರು ಅಗಲವಾಗಿ ಓಲಾಡುವುದರಿಂದ, ಒಂದು ಮಗ್ಗುಲಲ್ಲಿ ಹಿಡಿಯುವ ಕಾಲ ಕಡಮೆಯಾಗುತ್ತಿತ್ತು. ಈ ಸೀಮೆಗೇ ಸಂಬಂಧಿಸಿದ ನಿದರ್ಶನವೊಂದುಂಟು. ರಾಮನಗರದ ಬಂಡೆಗಳ ನಡುವೆ ಚಿತ್ರಿತವಾದ 'ಶೋಲೆ' 1975ರಲ್ಲಿ 70 ಮಿಲಿಮೀಟರ್ ಪ್ರತಿಗಳಲ್ಲಿ, ಸ್ಟೀರಿಯೊ ಧ್ವನಿಯೊಡನೆ ಬಿಡುಗಡೆಯಾಯಿತು. ಅದರ ಹಾಡು, ಸಂಭಾಷಣೆಗಳನ್ನು ಪಾಲಿಡಾರ್ ಸಂಸ್ಥೆ ತಟ್ಟೆಗಳಾಗಿ ಹೊರತಂದಿತು. ಚಿತ್ರಮಂದಿರದಲ್ಲಿ ಗುಂಡಿನ ಸದ್ದಿಗೂ ನೀರವತೆಗೂ ಇದ್ದ ಅಂತರವನ್ನು ತಟ್ಟೆಗೆ ಹೊಂದುವಂತೆ ಅಳವಡಿಸುವುದೇ ಮಾಸ್ಟರಿಂಗ್, ಎಂದರೆ ಅಂತಿಮ ಸಂಸ್ಕರಣದ ಕೆಲಸ.

1982ರಲ್ಲಿ ಬಂದ ಕಾಂಪ್ಯಾಕ್ಟ್ ಡಿಸ್ಕಿಗೆ ಗೀರಿನ ಬಾಧೆಯಿರಲಿಲ್ಲ. ಮೀರಲಾಗದ ಗರಿಷ್ಠ ಮಟ್ಟವೊಂದು ಮಾತ್ರ ಇತ್ತು. ಗಟ್ಟಿಯಾದ ಹಾಡೇ ಮೊದಲು ಕಿವಿಸೆಳೆಯುವುದೆಂಬ ನಂಬಿಕೆಯಿಂದ, ಏರುಗಳನ್ನು ಅದುಮಿ ಇಡೀ ಹಾಡನ್ನು ಆ ಗರಿಷ್ಠದ ಹತ್ತಿರಕ್ಕೆ ಎತ್ತುವ ಪೈಪೋಟಿ 1990ರ ದಶಕದಲ್ಲಿ ಬಲವಾಯಿತು. ಇದರಿಂದ ಹಾಡಿನ ಏರಿಳಿತ ನಶಿಸಿತು.

ಇದಕ್ಕೆ ಪರಿಹಾರ ದೊರೆತುದು ಅಳತೆಯಿಂದ. ಎಲ್ಲ ಸ್ವರಗಳಿಗೂ ಕಿವಿ ಸಮಾನವಾಗಿ ಸ್ಪಂದಿಸದೆಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಪ್ರಯೋಗಗಳಿಂದ ನಿರೂಪಿಸಿದ್ದರು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು 2006ರಲ್ಲಿ ಕಿವಿಯ ಗುಣವನ್ನನುಸರಿಸುವ ಮಾಪನ ಕ್ರಮವೊಂದನ್ನು ಗೊತ್ತುಪಡಿಸಿತು. ಅದರ ಮಾನಕ್ಕೆ ಎಲ್.ಯು.ಎಫ್.ಎಸ್. ಎಂದು ಹೆಸರು. ಸ್ಪಾಟಿಫೈ ಸಾಮಾನ್ಯವಾಗಿ −14, ಆಪಲ್ ಮ್ಯೂಸಿಕ್ −16ರ ಮಟ್ಟಕ್ಕೆ ಹಾಡುಗಳನ್ನು ಸರಿಹೊಂದಿಸುತ್ತವೆ. −8ರಷ್ಟು ಗಟ್ಟಿಯಾಗಿ ಅದುಮಿದ ಹಾಡನ್ನು ಸ್ಪಾಟಿಫೈ 6 ಡೆಸಿಬೆಲ್ ಇಳಿಸುತ್ತದೆ. ಆದಕಾರಣ ಅದುಮಿದವನಿಗೆ ಲಾಭವಿಲ್ಲ. ಕಳೆದುಹೋದ ಏರಿಳಿತವೂ ಮರಳಿ ಬಾರದು.

ಮೆಲುದನಿಯ ಹಾಡಿನ ಗತಿಯೇನು? ಬೀಸುವ ಪದದ ಮುದ್ರಣವೊಂದರ ಸರಾಸರಿ −22 ಇದ್ದು, ನಡುವೆ ಕಲ್ಲಿನ ಗೂಟ ತಗುಲಿದ ಸದ್ದು −6 ಡೆಸಿಬೆಲಿಗೆ ಏರಿದೆಯೆಂದು ಭಾವಿಸೋಣ. ಸ್ಪಾಟಿಫೈ ಗರಿಷ್ಠಕ್ಕಿಂತ 1 ಡೆಸಿಬೆಲ್ ಕೆಳಗೆ ನಿಲ್ಲಿಸುವುದರಿಂದ ಅದನ್ನು 5 ಡೆಸಿಬೆಲ್ ಮಾತ್ರ ಎತ್ತಬಲ್ಲದು. ಹಾಡು −17ರಲ್ಲಿ ನಿಲ್ಲುತ್ತದೆ. ಮನೆಯೊಳಗಿನ ಪದ ಬೀದಿಯ ತಮಟೆಯ ಸಮೀಪಕ್ಕೆ ಬಂದಂತಾಯಿತು. ಕೇಳುವವನಿಗೆ ಇದು ಅನುಕೂಲವೇ ಸರಿ. ಆದರೆ ಯಾವ ಹಾಡು ಯಾರಿಗಾಗಿ, ಎಂತಹ ಸ್ಥಳದಲ್ಲಿ ಹುಟ್ಟಿತೆಂಬುದಕ್ಕೆ ಧ್ವನಿಯ ಅಂತರವೂ ಒಂದು ಸಾಕ್ಷ್ಯ, ಅದು ಮಸುಕಾಗುತ್ತದೆ. ಹಾಡುಗಳನ್ನು ಒಂದೇ ಸಂಪುಟವಾಗಿ ಪ್ರಕಟಿಸಿ, ಸಂಪುಟವಾಗಿಯೇ ಕೇಳಿದರೆ ಸ್ಪಾಟಿಫೈ ಇಡೀ ಸಂಪುಟಕ್ಕೆ ಒಂದೇ ಪ್ರಮಾಣದ ತಿದ್ದುಪಡಿ ಮಾಡುವುದರಿಂದ ಹಾಡುಗಳ ಪರಸ್ಪರ ಅಂತರ ಉಳಿಯುತ್ತದೆ. ಬಿಡಿಬಿಡಿಯಾಗಿ ಆಯ್ದು ಕೇಳಿದರೆ ಉಳಿಯದು.

ಇಷ್ಟಾದರೂ ಮೂಲ ಮುದ್ರಣವೇ ಪೂರ್ಣ ಪ್ರಮಾಣವೆನ್ನಲಾಗದು. ಮೈಕ್ರೋಫೋನನ್ನು ಇಟ್ಟ ದೂರವೂ ಯಂತ್ರದ ತಿರುಗುಗುಂಡಿಯೂ ಆಗಲೇ ಅಂತರವನ್ನು ಬದಲಿಸಿರುತ್ತವೆ. ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕದಂತಹ ಸಂಗ್ರಹಾಲಯಗಳ ಮಹತ್ವ ಇಲ್ಲಿ ಸ್ಪಷ್ಟವಾಗುತ್ತದೆ. ಕ್ಷೇತ್ರಕಾರ್ಯಕ್ಕೆ ಹೊರಡುವ ವಿದ್ಯಾರ್ಥಿಯು ಹಾಡಿನ ಪಾಠದೊಡನೆ ಹಾಡಿದ ಸ್ಥಳ, ಮೈಕ್ರೋಫೋನಿನ ದೂರ, ಯಂತ್ರದ ಮಟ್ಟ ಇವನ್ನೂ ಬರೆದಿಡಬೇಕು. ತಿದ್ದದ ಪ್ರತಿಯನ್ನು ಬೇರೆಯಾಗಿ ಕಾಪಾಡಬೇಕು. ಸೇವೆಗಳ ಮಟ್ಟ ನಾಳೆ ಬದಲಾದೀತು. ಆಗಲೂ ಬೀಸುವ ಪದ ಎಷ್ಟು ಮೆಲ್ಲಗಿತ್ತೆಂಬುದು ಆ ಟಿಪ್ಪಣಿಯಿಂದ ತಿಳಿಯುತ್ತದೆ.