ದಿಂಬಂ ಕಡೆಯವರಿಗೆ ಐಸಿಯು: ಹಾಸಿಗೆ ಯಾರಿಗೆ, ಹೊರಡುವ ಮುನ್ನ ಏನು ಕೇಳಬೇಕು?

ದಿಂಬಂನಲ್ಲಿ ಯಾರಿಗಾದರೂ ತೀವ್ರ ನಿಗಾ ಘಟಕ, ಅಂದರೆ ಐಸಿಯು ಬೇಕಾದರೆ ಇರುವುದು ಎರಡು ದಾರಿ. ಘಾಟಿಯ 27 ತಿರುವು ಇಳಿದು ಬಣ್ಣಾರಿ, ಸತ್ಯಮಂಗಲದ ಮೇಲೆ ಈರೋಡು ಅಥವಾ ಕೊಯಮತ್ತೂರು. ಇಲ್ಲವೇ ಹಾಸನೂರಿನ ಮೇಲೆ ಚಾಮರಾಜನಗರ, ಅಲ್ಲೂ ಆಗದಿದ್ದರೆ ಮೈಸೂರು. 2022ರ ಫೆಬ್ರವರಿಯಿಂದ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದ್ದರೂ ಆಂಬುಲೆನ್ಸ್‌ಗೆ ಅಡ್ಡಿಯಿಲ್ಲ. ಆದರೆ ದಾರಿ ಸಿಕ್ಕ ಮಾತ್ರಕ್ಕೆ ಹಾಸಿಗೆ ಸಿಗಬೇಕೆಂದಿಲ್ಲ.

ಹಾಸಿಗೆ ಕೊಡುವ ಬಗ್ಗೆ ಕೇಂದ್ರ ಆರೋಗ್ಯ ಇಲಾಖೆ 24 ತಜ್ಞರಿಂದ ಮಾರ್ಗಸೂಚಿ ಮಾಡಿಸಿದೆ. ಮೊದಲು ಬಂದವರಿಗೆ ಮೊದಲು ಎಂಬ ಲೆಕ್ಕ ಅಲ್ಲಿಲ್ಲ. ಅಂಗಾಂಗ ಕೈಕೊಟ್ಟು ಯಂತ್ರದ ಆಸರೆ ಬೇಕಾದವರು, ಉಸಿರಾಟಕ್ಕೆ ನೆರವು ಬೇಕಾದವರು, ರಕ್ತದೊತ್ತಡ ನಿಲ್ಲದವರು, ಇದ್ದಕ್ಕಿದ್ದಂತೆ ಪ್ರಜ್ಞೆ ಕುಗ್ಗಿದವರು, ಸ್ಥಿತಿ ಬಿಗಡಾಯಿಸುವ ಸೂಚನೆ ಇರುವವರು ಇದಕ್ಕೆ ಸೇರುತ್ತಾರೆ. ರೋಗಿ ಅಥವಾ ಮನೆಯವರು ಒಪ್ಪದಿದ್ದರೆ ಸೇರಿಸುವಂತಿಲ್ಲ. ಸಾಂಕ್ರಾಮಿಕದಂಥ ಸಮಯದಲ್ಲಿ ಹಾಸಿಗೆ ಸಾಲದಾದರೆ ಆದ್ಯತೆ ನೋಡಿ ಕೊಡಬಹುದು. ಕೇಳಲು ಕಠಿಣ, ಆದರೆ ವಶೀಲಿಗಿಂತ ಎಷ್ಟೋ ಮೇಲು. ಹಾಸಿಗೆಗಾಗಿ ಕಾಯುವವರ ನಾಡಿ, ರಕ್ತದೊತ್ತಡ, ಉಸಿರಾಟ, ಆಮ್ಲಜನಕ, ಮೂತ್ರದ ಪ್ರಮಾಣ, ಪ್ರಜ್ಞೆ ಇವನ್ನು ನೋಡುತ್ತಿರಬೇಕೆಂದೂ ಅದರಲ್ಲಿದೆ. ಇದನ್ನು ಮನೆಯವರು ಕೇಳಬಹುದು.

ಹಾಸಿಗೆ ಸಿಕ್ಕರೂ ಸಾಲದು ಎಂಬುದನ್ನು 2021ರ ಮೇ 2ರ ರಾತ್ರಿ ಚಾಮರಾಜನಗರ ಕಂಡಿತು. ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಮಂದಿ ತೀರಿಕೊಂಡರು. ಸಿಲಿಂಡರ್ ಮೈಸೂರಿನಿಂದ ಬರಬೇಕಿತ್ತು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರೇ ಎಂದು ಮೊದಲು ಹೇಳಲಾಯಿತು. ಹೈಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡ ಸಮಿತಿ ಅದನ್ನು ಒಪ್ಪಲಿಲ್ಲ.

ಆದ್ದರಿಂದ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ಉಸಿರಾಟ, ರಕ್ತದೊತ್ತಡ ಸ್ಥಿರಪಡಿಸಿಕೊಂಡೇ ಹೊರಡಿ. ಮುಂದಿನ ಆಸ್ಪತ್ರೆಗೆ ಅಲ್ಲಿನ ವೈದ್ಯರಿಂದಲೇ ಫೋನ್ ಮಾಡಿಸಿ. ಬರೀ ಹಾಸಿಗೆ ಇದೆಯೇ ಎಂದಲ್ಲ, ವೆಂಟಿಲೇಟರ್ ಖಾಲಿ ಇದೆಯೇ, ರಾತ್ರಿ ಡಯಾಲಿಸಿಸ್ ಆಗುತ್ತದೆಯೇ ಎಂದು ಕೇಳಿಸಿ. ಆ ಉತ್ತರ ನೋಡಿ ಘಾಟಿ ಇಳಿಯುವುದೋ ಚಾಮರಾಜನಗರಕ್ಕೆ ಹೋಗುವುದೋ ತೀರ್ಮಾನಿಸಿ. 108 ಎರಡೂ ರಾಜ್ಯಗಳಲ್ಲಿದೆ. ಗಡಿ ದಾಟಿ ಎಲ್ಲಿಯವರೆಗೆ ಬಿಡುತ್ತಾರೆ ಎಂದು ಹತ್ತುವ ಮುನ್ನವೇ ಕೇಳಿಕೊಳ್ಳಿ.

ಗಾಡಿಯ ಸಿಲಿಂಡರ್ ಮುಳ್ಳನ್ನೂ ನೋಡಿ. ತುಂಬಿದ ಬಿ ಮಾದರಿಯ ಸಿಲಿಂಡರ್‌ನಲ್ಲಿ ಸುಮಾರು 1,500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹೋದರೆ ಎರಡೂವರೆ ಗಂಟೆ. ಅರ್ಧ ತುಂಬಿದ್ದರೆ ಒಂದೂಕಾಲು ಗಂಟೆ. ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಅದು ಅಲ್ಲೇ ಮುಗಿಯುತ್ತದೆ. ಇನ್ನೊಂದು ಸಿಲಿಂಡರ್ ಹಾಕಿಸಿಕೊಂಡೇ ಹೊರಡಿ. ಚಿಕಿತ್ಸೆಯ ಚೀಟಿ, ರೇಷನ್ ಕಾರ್ಡು, ವಿಮೆ ಕಾರ್ಡು ಒಂದೇ ಚೀಲದಲ್ಲಿರಲಿ.