ಮನೆಯಂಗಳದ ಹವಾಮಾನ ಕೇಂದ್ರ: ಸ್ಥಾಪನೆ ಮತ್ತು ಉನ್ನತೀಕರಣ

ಪೀಠಿಕೆ

ಭಾರತ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪನೆಯಾಯಿತು. ಕರ್ನಾಟಕದಲ್ಲಿ 1988ರಲ್ಲಿ ಬರ ಪರಿಸ್ಥಿತಿಯ ಅವಲೋಕನಕ್ಕಾಗಿ ಆರಂಭವಾದ ಕೋಶವು ಮುಂದೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಅಳವಡಿಸಿದೆ. ಆದಾಗ್ಯೂ ಮುಂಗಾರು ಪೂರ್ವದ ಗುಡುಗುಮಳೆಯು ಊರಿನ ಒಂದು ಮಗ್ಗುಲಲ್ಲಿ ಸುರಿದು ಇನ್ನೊಂದು ಮಗ್ಗುಲನ್ನು ಒಣಗಿಯೇ ಬಿಡುವುದುಂಟು. ಬಿತ್ತನೆಗೆ ಬೇಕಾದ ಹದ ತಮ್ಮ ಹೊಲಕ್ಕೆ ಬಂದಿದೆಯೇ, ಕಾಫಿ ತೋಟಕ್ಕೆ ಬಿದ್ದ ಹೂಮಳೆ ಸಾಕೇ ಅಥವಾ ತುಂತುರು ನೀರಾವರಿ ನೀಡಬೇಕೇ ಎಂಬುದನ್ನು ನಿರ್ಧರಿಸಲು ಸ್ವಂತ ಅಳತೆಯೇ ನೆರವಾಗುತ್ತದೆ. ಮಲೆನಾಡಿನ ಅನೇಕ ತೋಟಗಳಲ್ಲಿ ಮಳೆಯ ಲೆಕ್ಕವನ್ನು ದಶಕಗಳಿಂದ ಬರೆದಿಡುತ್ತ ಬಂದಿರುವುದು ಈ ಕಾರಣಕ್ಕಾಗಿಯೇ.

ಮೊದಲ ಹಂತ: ಮಳೆಮಾಪಕ

ಕಡಿಮೆ ವೆಚ್ಚದಲ್ಲಿ ಹೆಚ್ಚು ಪ್ರಯೋಜನ ನೀಡುವ ಉಪಕರಣ ಮಳೆಮಾಪಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಬಿದ್ದರೆ ಅದು 1 ಮಿ.ಮೀ. ಮಳೆ. ಸಿದ್ಧ ಮಾಪಕ ದೊರೆಯದಿದ್ದಲ್ಲಿ 10 ಸೆಂ.ಮೀ. ಬಾಯಿಯ, ಅಂಚು ನೇರವಾಗಿರುವ ಆಳವಾದ ಆಲಿಕೆಯನ್ನು ಶೀಸೆಯೊಂದಕ್ಕೆ ಜೋಡಿಸಿ ಬಳಸಬಹುದು. ಇದರಲ್ಲಿ ಸಂಗ್ರಹವಾಗುವ ಪ್ರತಿ 7.85 ಮಿ.ಲೀ. ನೀರು 1 ಮಿ.ಮೀ. ಮಳೆಗೆ ಸಮ. ಉದಾಹರಣೆಗೆ, ಶೀಸೆಯಲ್ಲಿ 196 ಮಿ.ಲೀ. ನೀರಿದ್ದರೆ ಸುಮಾರು 25 ಮಿ.ಮೀ. ಮಳೆಯಾಗಿದೆ ಎಂದು ತಿಳಿಯಬೇಕು.

ಸ್ಥಳದ ಆಯ್ಕೆ

1. ಮರ, ಗೋಡೆ ಅಥವಾ ಕಟ್ಟಡವು ಎಷ್ಟು ಎತ್ತರವಿದೆಯೋ ಅದರ ಎರಡು ಪಟ್ಟಾದರೂ ದೂರದಲ್ಲಿ ಮಾಪಕವಿರಬೇಕು.
2. ಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ, ಸಮತಟ್ಟಾಗಿರಬೇಕು.
3. ತಾರಸಿಯ ಮೇಲೆ ಇಡುವುದು ಸೂಕ್ತವಲ್ಲ. ಅಲ್ಲಿ ಗಾಳಿಯ ಸುಳಿಯಿಂದ ಹನಿಗಳು ಹಾರಿಹೋಗಿ ಅಳತೆ ಕಡಿಮೆಯಾಗುತ್ತದೆ.
4. ಸುತ್ತಲೂ ಹುಲ್ಲು ಅಥವಾ ಮಣ್ಣಿನ ನೆಲವಿರಲಿ. ಕಾಂಕ್ರೀಟಿನ ಮೇಲಿಂದ ಹನಿಗಳು ಸಿಡಿದು ಒಳಸೇರುವ ಸಂಭವವಿದೆ.

ಎರಡನೆಯ ಹಂತ: ತಾಪಮಾನ ಮತ್ತು ಆರ್ದ್ರತೆ

ಗರಿಷ್ಠ ಮತ್ತು ಕನಿಷ್ಠ ಉಷ್ಣತಾಮಾಪಕಗಳನ್ನು ನೆಲದಿಂದ 1.25ರಿಂದ 2 ಮೀಟರ್ ಎತ್ತರದಲ್ಲಿ, ಬಿಳಿ ಬಣ್ಣ ಬಳಿದ, ಗಾಳಿಯಾಡುವ ಪಟ್ಟಿಗಳುಳ್ಳ ಮರದ ಪೆಟ್ಟಿಗೆಯಲ್ಲಿಡಬೇಕು. ಪೆಟ್ಟಿಗೆಯ ಬಾಗಿಲು ಉತ್ತರಕ್ಕಿರಲಿ. ಬಿಸಿಲಿಗೆ ಒಡ್ಡಿದ ಮಾಪಕವು ಗಾಳಿಯ ತಾಪವನ್ನಲ್ಲ, ತನ್ನದೇ ತಾಪವನ್ನು ತೋರಿಸುತ್ತದೆ. ಒದ್ದೆ ಬಟ್ಟೆ ಸುತ್ತಿದ ಉಷ್ಣತಾಮಾಪಕವೊಂದನ್ನು ಜೊತೆಗಿಟ್ಟರೆ ಎರಡರ ವ್ಯತ್ಯಾಸದಿಂದ ಸಾಪೇಕ್ಷ ಆರ್ದ್ರತೆಯನ್ನು ಕೋಷ್ಟಕದ ಮೂಲಕ ತಿಳಿಯಬಹುದು. ವ್ಯತ್ಯಾಸ ಕಡಿಮೆಯಾದಷ್ಟೂ ಗಾಳಿಯಲ್ಲಿ ತೇವ ಹೆಚ್ಚು.

ಮೂರನೆಯ ಹಂತ: ವಾಯುಭಾರ ಮತ್ತು ಗಾಳಿ

ಎತ್ತರಕ್ಕೆ ಹೋದಂತೆ ವಾಯುಭಾರ ಇಳಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಅದು ಸರಿಸುಮಾರು 910 ಹೆಕ್ಟೊಪಾಸ್ಕಲ್ ಇರುತ್ತದೆ. ಆದ್ದರಿಂದ ಹೊಸ ಉಪಕರಣದಲ್ಲಿ ಊರಿನ ಎತ್ತರವನ್ನು ಮೊದಲು ನಮೂದಿಸಬೇಕು. ನಮ್ಮ ಪ್ರದೇಶದಲ್ಲಿ ವಾಯುಭಾರವು ಪ್ರತಿದಿನ ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರಿ, 4 ಗಂಟೆಯ ಸುಮಾರಿಗೆ ಎರಡೂ ಬಾರಿ ಇಳಿಯುತ್ತದೆ. ಮಧ್ಯಾಹ್ನದ ಇಳಿತವನ್ನು ಮಳೆಯ ಮುನ್ಸೂಚನೆಯೆಂದು ಭಾವಿಸದೆ, ಹಿಂದಿನ ದಿನದ ಅದೇ ಗಂಟೆಯ ಅಳತೆಯೊಂದಿಗೆ ಹೋಲಿಸಬೇಕು.

ಗಾಳಿಯ ವೇಗವನ್ನು ಅಳೆಯುವ ಪ್ರಮಾಣಿತ ಎತ್ತರ 10 ಮೀಟರ್. ಎತ್ತರದ ಲೋಹದ ಕಂಬವು ಸಿಡಿಲಿಗೆ ಗುರಿಯಾಗುವುದರಿಂದ ತಜ್ಞರಿಂದ ಭೂಸಂಪರ್ಕ ಮಾಡಿಸುವುದು ಕಡ್ಡಾಯವೆಂದು ಭಾವಿಸತಕ್ಕದ್ದು. ವಿದ್ಯುತ್ ತಂತಿಗಳ ಸಮೀಪ ಕಂಬ ನೆಡಬಾರದು.

ಸ್ವಯಂಚಾಲಿತ ಕೇಂದ್ರಕ್ಕೆ ಉನ್ನತೀಕರಣ

ವಿದ್ಯುನ್ಮಾನ ಮಳೆಮಾಪಕಗಳಲ್ಲಿ ಪುಟ್ಟ ತೊಟ್ಟಿಯೊಂದು ತುಂಬಿದಾಗಲೆಲ್ಲ ಮಗುಚಿ ಲೆಕ್ಕ ನೀಡುತ್ತದೆ. ಪ್ರತಿ ಮಗುಚುವಿಕೆ ಸಾಮಾನ್ಯವಾಗಿ 0.2 ಮಿ.ಮೀ. ಮಳೆಯನ್ನು ಸೂಚಿಸುತ್ತದೆ. ಮಳೆ ಯಾವ ಗಂಟೆಯಲ್ಲಿ, ಎಷ್ಟು ರಭಸವಾಗಿ ಬಿತ್ತೆಂಬುದು ಇದರಿಂದ ತಿಳಿಯುತ್ತದೆ. ಆದರೆ ಬಿರುಮಳೆಯಲ್ಲಿ ತೊಟ್ಟಿ ಮಗುಚುವ ಅವಧಿಯಲ್ಲಿಯೂ ನೀರು ಹರಿಯುವುದರಿಂದ ಲೆಕ್ಕ ಕಡಿಮೆ ಬರಬಹುದು. ತರಗೆಲೆ, ಇರುವೆ, ಜೇಡರಬಲೆಗಳಿಂದ ಆಲಿಕೆ ಕಟ್ಟಿಕೊಂಡರೆ ಸುರಿಯುವ ಮಳೆಯಲ್ಲೂ ಉಪಕರಣವು ಸೊನ್ನೆಯನ್ನೇ ತೋರಿಸುತ್ತದೆ. ಆದುದರಿಂದ ಹಳೆಯ ಮಾಪಕವನ್ನು ತೆಗೆಯದೆ, ಕನಿಷ್ಠ ಒಂದು ಮಳೆಗಾಲ ಎರಡನ್ನೂ ಒಟ್ಟಿಗೆ ನಡೆಸಿ ಹೋಲಿಸುವುದು ಉತ್ತಮ. ಉಪಕರಣ ಅಥವಾ ಸ್ಥಳ ಬದಲಾದ ದಿನಾಂಕವನ್ನು ತಪ್ಪದೆ ಬರೆದಿಡಬೇಕು. ಇಲ್ಲವಾದಲ್ಲಿ ಉಪಕರಣದ ವ್ಯತ್ಯಾಸವನ್ನೇ ಹವೆಯ ಬದಲಾವಣೆಯೆಂದು ತಿಳಿಯುವ ಅಪಾಯವಿದೆ.

ದಾಖಲಾತಿ

• ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಳೆಯನ್ನು ಅಳೆದು ಆ ದಿನದ ದಿನಾಂಕದಲ್ಲಿ ಬರೆಯಬೇಕು. ಇದು ಹಿಂದಿನ 24 ಗಂಟೆಗಳ ಮಳೆ.
• ಮಳೆಯಾಗದಿದ್ದರೆ 0 ಎಂದು ಬರೆಯಬೇಕು. ಅಳೆಯದ ದಿನವನ್ನು ಗೆರೆ ಎಳೆದು ಸೂಚಿಸಬೇಕು. ಅಳೆಯದ ದಿನಕ್ಕೆ ಸೊನ್ನೆ ಬರೆದರೆ ಇಡೀ ತಿಂಗಳ ಲೆಕ್ಕವೇ ಕೆಡುತ್ತದೆ.
• 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದ ದಿನವನ್ನು ಮಳೆದಿನವೆಂದು ಪರಿಗಣಿಸಲಾಗುತ್ತದೆ.
• 64.5ರಿಂದ 115.5 ಮಿ.ಮೀ.ವರೆಗೆ ಭಾರಿ ಮಳೆ, 115.6ರಿಂದ 204.4 ಮಿ.ಮೀ.ವರೆಗೆ ಅತಿ ಭಾರಿ ಮಳೆ. ಅದಕ್ಕೂ ಮೀರಿದ್ದು ಅತ್ಯಂತ ಭಾರಿ ಮಳೆ.

ಸೂಚನೆ

ಹವಾಮಾನ ಆಧಾರಿತ ಬೆಳೆ ವಿಮಾ ಪರಿಹಾರವು ಅಧಿಸೂಚಿತ ಕೇಂದ್ರಗಳ ಅಂಕಿ ಅಂಶಗಳನ್ನು ಆಧರಿಸಿದೆ. ಮನೆಯ ದಾಖಲೆಯು ಅದಕ್ಕೆ ಬದಲಿಯಲ್ಲ. ಗುಡ್ಡದ ಇಳಿಜಾರಿನಲ್ಲಿ ಅಥವಾ ನದಿಪಾತ್ರದಲ್ಲಿ ವಾಸಿಸುವವರು ತಮ್ಮ ಮಾಪಕದಲ್ಲಿ ನೀರು ಕಡಿಮೆಯಿದೆಯೆಂಬ ಕಾರಣಕ್ಕೆ ಅಧಿಕೃತ ಎಚ್ಚರಿಕೆಯನ್ನು ಉಪೇಕ್ಷಿಸಬಾರದು. ಪ್ರವಾಹಕ್ಕೆ ಕಾರಣವಾಗುವ ಮಳೆಯು ಮೇಲ್ಭಾಗದ ಜಲಾನಯನ ಪ್ರದೇಶದಲ್ಲಿ ಬಿದ್ದಿರಬಹುದು. ಕೃಷಿಗೆ ಸಂಬಂಧಿಸಿದ ಹೆಚ್ಚಿನ ಮಾಹಿತಿಗಾಗಿ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು ಸಂಪರ್ಕಿಸಬಹುದು.